ನೀಲಗಂಗಮ್ಮನ ತಿಟ್ಟು

ಹೊಸಹಳ್ಳಿಯ ಹೊಂಗೆಕೆರೆ ನಡುವಿನ ತಿಟ್ಟಿಗೆ ಕಾಲಿಡಬೇಕಾದರೆ ನೀಲಗಂಗಮ್ಮನ ಅಪ್ಪಣೆ ಆಗಬೇಕಿತ್ತು. ಆ ಅಪ್ಪಣೆಯನ್ನು ಆಕೆ ಇಪ್ಪತ್ತು ವರ್ಷದಲ್ಲಿ ಒಂದು ನರಪಿಳ್ಳೆಗೂ ಕೊಟ್ಟವಳಲ್ಲ. ಯಾರದೋ ಎಮ್ಮೆ ಈಜಿಕೊಂಡು ಹೋಗಿ ಅಲ್ಲಿ ನಾಲ್ಕೆಳೆ ಹುಲ್ಲು ಕಿತ್ತರೆ ಸಾಕು, ಏರಿ ಮೇಲೆ ನಿಂತು ಎಮ್ಮೆ ಒಡೆಯನ ಏಳು ತಲೆಮಾರನ್ನೂ ಎತ್ತಿ ಆಡಿಬಿಡುತ್ತಿದ್ದಳು. ಏನು ಮಹಾ ಜಾಗ ಅಂತೀರಿ? ಅರ್ಧ ಎಕರೆ ಇದ್ದರೆ ಹೆಚ್ಚು. ನಾಲ್ಕು ಹೊಂಗೆ ಮರ, ಒಂದು ಬಿಲ್ವ, ಮಿಕ್ಕಿದ್ದೆಲ್ಲ ಕಳ್ಳಿ ಪೊದೆ. ಗಂಡನ ಮುತ್ತಾತ ಯಾವ ಕಾಲದಲ್ಲೋ ಒಡೆದುಹೋಗಿದ್ದ ಏರಿಯನ್ನು ಸ್ವಂತ ಖರ್ಚಿನಲ್ಲಿ ಕಟ್ಟಿಸಿಕೊಟ್ಟನಂತೆ. ಅದಕ್ಕೆ ಅರಮನೆಯವರು ಕಟ್ಟುಕೊಡಿಗೆ ಅಂತ ಆ ತಿಟ್ಟನ್ನು ಬರೆದುಕೊಟ್ಟರಂತೆ. ಕಾಗದದಲ್ಲಿ ಚಕ್ಕುಬಂದಿ ಹೀಗಿತ್ತು: ಮೂಡಲಿಗೆ ನೀರು, ಪಡುವಲಿಗೆ ನೀರು, ತೆಂಕಲಿಗೆ ನೀರು, ಬಡಗಲಿಗೆ ನೀರು.

ಹೋಗಿ ಬರಲು ಇದ್ದದ್ದು ಒಂದೇ ಹರಿಗೋಲು. ಅದಕ್ಕೊಂದು ಸರಪಳಿ, ಸರಪಳಿಗೆ ಬೀಗ, ಬೀಗದ ಕೈ ಆಕೆಯ ಸೊಂಟದಲ್ಲಿ. ಹುಟ್ಟು ಹಾಕುವವನು ನೀರುಗಂಟಿ ಹನುಮಯ್ಯ. ಕೆರೆಯ ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರು ಅಂತ ಬಿಡುವ ಕೆಲಸ ಅವನದು. ಸೋಮವಾರ ಬೆಳಗ್ಗೆ ಮಾತ್ರ ಅವನು ಆಕೆಯ ಆಳು. ವಿಭೂತಿ, ಒಂದು ತಂಬಿಗೆ ನೀರು ಹಿಡಿದು ಆಕೆ ಹೋಗುವಳು. ಅಲ್ಲೇ ಬಿಲ್ವಪತ್ರೆ ಕಿತ್ತು ಎರಡು ಗದ್ದುಗೆಗೆ ಏರಿಸುವಳು. ಒಂದು ಗಂಡ ಮರುಳಪ್ಪನದು. ಇನ್ನೊಂದು ಮಗನದು, ಹೋದಾಗ ಅವನಿಗೆ ಹನ್ನೊಂದು ವರ್ಷ. ಎರಡರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ಅದು ಯಾರಿಗೆ ಅಂತ ಕೇಳಬೇಕಾಗಿಯೇ ಇಲ್ಲ.

ಆಕೆಗೆ ಅಷ್ಟು ಹಟ ಯಾಕೆ ಬಂತು ಅನ್ನೋದನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ಬರೀ ಘಟವಾಣಿ ಅಂದುಕೊಂಡುಬಿಡ್ತೀರಿ. ಪ್ಲೇಗಿನ ವರ್ಷ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತು. ಮೂರು ದಿನದಲ್ಲಿ ಗಂಡನೂ ಹೋದ, ಮಗನೂ ಹೋದ. ಹೆಣ ಎತ್ತೋಕೆ ಬನ್ನಿ ಅಂತ ಗುಡಿಸಲು ಗುಡಿಸಲಿಗೆ ಹೋಗಿ ಕೂಗಿದಳು. ಒಂದು ಬಾಗಿಲೂ ತೆರೆಯಲಿಲ್ಲ. ಊರ ಮುಂದೆ ಹಾದು ಹೆಣ ಒಯ್ಯಬೇಡ ಅಂತ ಒಳಗಿಂದಲೇ ಕೂಗು ಬಂತು. ಕ್ರಿಯೆ ಮಾಡಿಸೋ ಅಯ್ಯನೋರು ಕೂಡ ಬರಲಿಲ್ಲ. ಬಂದವನು ಹನುಮಯ್ಯ ಒಬ್ಬನೇ. ಹರಿಗೋಲಿನಲ್ಲಿ ಹೆಣ ದಾಟಿಸಿ, ತಿಟ್ಟಿನ ಮೇಲೆ ಅವನು ಗುಂಡಿ ತೋಡಿದ. ಈಕೆ ಗಂಡನನ್ನು ಕೂರಿಸಿ, ಅಂಗೈಗೆ ಲಿಂಗ ಇಟ್ಟು, ತಾನೇ ವಿಭೂತಿ ಸುರಿದು ಮಣ್ಣು ಎಳೆದಳು. ಆಮೇಲೆ ಮಗನಿಗೆ. ಅವತ್ತು ಬಾರದ ಕಾಲು ಇನ್ನು ಯಾವತ್ತೂ ಬರಬೇಡ ಅಂತ ಹರಿಗೋಲಿಗೆ ಬೀಗ ಬಿತ್ತು. ತಪ್ಪು ಅಂತ ನಾನು ಹೇಳೋಕೆ ಹೋಗೋಲ್ಲ.

ಐವತ್ತೈದನೇ ಇಸವಿಯಲ್ಲಿ ಬಂತು ನೋಡಿ ಗ್ರಹಚಾರ. ಆ ಕಡೆ ರಾಜಾಜಿನಗರದಲ್ಲಿ ಕಲ್ಲು ನೆಟ್ಟು ದಾರ ಎಳೆದು ಬ್ಲಾಕು ಬ್ಲಾಕಾಗಿ ಮನೆ ಏಳುತ್ತಿದ್ದವು. ಈ ಕಡೆಗೂ ಒಂದು ಬಡಾವಣೆ ಆಗುತ್ತೆ ಅಂದರು, ಕೆರೆ ಒಡೆದರು. ಏರಿಗೆ ಗುದ್ದಲಿ ಹಾಕಿದ ಹದಿನೈದನೇ ದಿನಕ್ಕೆ ನೀರೆಲ್ಲ ಹರಿದುಹೋಗಿ ಕೆಸರು, ಕೆಸರೊಣಗಿ ಬಿರುಕು. ತಿಟ್ಟು ಈಗ ತಿಟ್ಟಲ್ಲ, ಒಂದು ಗುಡ್ಡೆ. ಆ ಗುಡ್ಡೆಯ ಮಣ್ಣನ್ನು ಅಗೆದು ಕೆರೆಯಂಗಳದ ತಗ್ಗಿಗೆ ತುಂಬಬೇಕು ಅಂತ ಕಂಟ್ರಾಕ್ಟರು ಎರಡು ಲಾರಿ ತಂದು ನಿಲ್ಲಿಸಿದ. ನೀಲಗಂಗಮ್ಮ ಲಾರಿ ಮುಂದೆ ಹೋಗಿ ಕೂತಳು.

ಅವಳನ್ನು ಎಬ್ಬಿಸಿ ಮಾತಾಡಿಸಿದವನು ಸರ್ವೆ ಅಧಿಕಾರಿ ಸೇತುರಾಮ. ಕಷ್ಟ ಸುಖ ಕೇಳುವ ಮನುಷ್ಯ, ಆದರೆ ಕಾಗದದ ಮನುಷ್ಯ. ಚಕ್ಕುಬಂದಿ ಓದಿ ಕನ್ನಡಕ ತೆಗೆದ.

"ನಾಲ್ಕು ಕಡೆಗೂ ನೀರು ಅಂತಿದೆಯಲ್ಲಮ್ಮ. ಈಗ ನೀರೆಲ್ಲಿ? ಯಾವ ಗುರುತಿಂದ ಅಳೀಲಿ? ನೀರಿಲ್ಲ ಅಂದಮೇಲೆ ಇದೂ ಕೆರೆಯಂಗಳ, ಸರ್ಕಾರದ್ದು ಅಂತಾರೆ."

"ಜಾಗ ಯಾರದಾದ್ರೂ ಆಗ್ಲಿ ಸ್ವಾಮಿ. ನನ್ನ ಗಂಡ, ನನ್ನ ಮಗ ಅಲ್ಲಿ ಅವ್ರೆ. ಅವರ ಮೂಳೆ ಮೇಲೆ ಗುದ್ದಲಿ ಬೀಳಬಾರ್ದು."

"ಸಮಾಧಿ ಇದ್ರೆ ಅಷ್ಟು ಜಾಗ ಬಿಡೋಕೆ ಅವಕಾಶ ಇದೆ. ಆದ್ರೆ ಕಲ್ಲು ಕಂಡ ಮಾತ್ರಕ್ಕೆ ನಂಬೋ ಹಾಗಿಲ್ಲ. ಬಡಾವಣೆ ಬರುತ್ತೆ ಅಂದ್ರೆ ಸಾಕು, ಬೆಳಗಾಗೋದರಲ್ಲಿ ಒಂದೊಂದು ಗುಡಿ, ಒಂದೊಂದು ಸಮಾಧಿ ಎದ್ದುಬಿಡುತ್ವೆ. ಬರೋ ಸೋಮವಾರ ಮಹಜರು ಮಾಡ್ತೀನಿ. ಹಿಂದಿನಿಂದ ಈ ಸಮಾಧಿ ಇಲ್ಲಿದ್ವು, ಜಾಗ ಇವರ ಸ್ವಾಧೀನದಲ್ಲೇ ಇತ್ತು, ನಾನು ಕಣ್ಣಾರೆ ಕಂಡಿದೀನಿ ಅಂತ ಊರಿನವರು ಒಬ್ಬರು ಹೇಳಲಿ. ನೆಂಟರು ಬೇಡ, ನಿಮ್ಮ ಅನ್ನ ತಿಂದ ಆಳೂ ಬೇಡ."

"ಹನುಮಯ್ಯ?"

"ಆಳು ಅಂದ್ನಲ್ಲಮ್ಮ."

ನೀಲಗಂಗಮ್ಮ ಕಾಗದ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಕಣ್ಣಾರೆ ಕಂಡವರು! ಯಾರೂ ಕಾಣಬಾರದು ಅಂತ ತಾನೆ ಇಪ್ಪತ್ತು ವರ್ಷ ಕಾವಲು ಕಾದದ್ದು.

ಆದರೂ ಹೊರಟಳು. ಒಬ್ಬರ ಹೊಸಿಲೂ ತುಳಿಯದವಳು ಸೆರಗು ಹೊದ್ದು ಬೀದಿ ಬೀದಿ ತಿರುಗಿದಳು. ಪಟೇಲ ಬೈರಪ್ಪ ಜಗುಲಿ ಮೇಲೆ ಎಲೆ ಅಡಿಕೆ ಹಾಕುತ್ತ, ಬಾ ಅಂತಲೂ ಅನ್ನದೆ ಮಾತು ಕೇಳಿಸಿಕೊಂಡ. "ನನ್ನ ಬಾಯಲ್ಲಿ ಸುಳ್ಳು ಹೇಳಿಸಬೇಡಿ ಅಮ್ಮಾ. ಅಲ್ಲಿ ಸಮಾಧಿ ಇದೆಯೋ ಸೌತೆ ಬಳ್ಳಿ ಇದೆಯೋ, ನಾನೇನು ಕಂಡೆ? ನೀವು ಬಿಟ್ಟಿದ್ರೆ ತಾನೆ?" ಅಂದ. ಅಕ್ಕಯ್ಯಮ್ಮನಂತೂ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನಮ್ಮ ಎಮ್ಮೆನ ಕರ್ಕೊಂಡ್ಹೋಗಿ ಸಾಕ್ಷಿ ಹಾಕ್ಸಿ. ಈ ಊರಲ್ಲಿ ಅಲ್ಲಿಗೆ ಹೋಗಿ ಬಂದಿರೋದು ಅದೊಂದೇ!" ಸುತ್ತ ಇದ್ದ ಹೆಂಗಸರು ನಕ್ಕರು. ನೀಲಗಂಗಮ್ಮನಿಗೆ ಮೈಯೆಲ್ಲ ಉರಿಯಿತು. ಹಿಂದಿನ ನೀಲಗಂಗಮ್ಮ ಆಗಿದ್ದರೆ ಬಾಯಿಗೆ ಬಂದದ್ದು ಅಂದು ಬರುತ್ತಿದ್ದಳು. ಈಗ ನುಂಗಿಕೊಂಡು ಮುಂದಿನ ಮನೆಗೆ ನಡೆದಳು. ಅಲ್ಲಿಯೂ ಅದೇ ಮಾತು.

ಶುಕ್ರವಾರದ ಹೊತ್ತಿಗೆ ಮನೆಗಳು ಮುಗಿದವು. ಒಡೆದ ಏರಿ ಮೇಲೆ ಕೂತಿದ್ದಳು. ಹನುಮಯ್ಯ ಬಂದು ಸ್ವಲ್ಪ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತ. ಕೆರೆಯೇ ಇಲ್ಲವಾದ ಮೇಲೆ ನೀರುಗಂಟಿಗೆ ಕೂರೋದು ಬಿಟ್ಟು ಇನ್ನೇನು ಕೆಲಸ.

"ಅಮ್ಮಾ, ಒಬ್ಬರು ಹೋಗಿದ್ರು," ಅಂದ.

"ಎಲ್ಲಿಗೆ?"

"ತಿಟ್ಟಿಗೆ. ಒಂಬತ್ತು ವರ್ಸ ಆಯ್ತು. ನೀವು ಸಂಕ್ರಾಂತಿಗೆ ಶಿವಗಂಗೆಗೆ ಹೋಗಿದ್ರಲ್ಲ, ಆಗ. ಮುನಿತಾಯಮ್ಮ."

ನೀಲಗಂಗಮ್ಮ ತಿರುಗಿ ನೋಡಿದಳು.

"ಬೆಳದಿಂಗಳ ರಾತ್ರಿ ಆಲೆಮನೆ ಕೊಪ್ಪರಿಗೆ ಉರುಳಿಸ್ಕೊಂಡು ಬಂದ್ಲು. ಬೆಲ್ಲ ಕಾಯಿಸ್ತಾರಲ್ಲ, ಆ ದೊಡ್ಡ ಕೊಪ್ಪರಿಗೆ. ಅದನ್ನ ನೀರಿಗೆ ತಳ್ಳಿ, ಮಗೂನ ಒಳಗೆ ಮಲಗಿಸ್ಕೊಂಡು, ಬಿದಿರ ಗಳ ಊರ್ಕೊಂಡು ಹೋದ್ಲು. ಎರಡು ಸಲ ಮುಳುಗೋ ಹಂಗಾಯ್ತು. ನಾನು ತೂಬಿನ ಹತ್ರ ಇದ್ದೆ. ಕಂಡೆ. ಕೂಗಲಿಲ್ಲ."

"ಯಾಕೋ ನನಗೆ ಹೇಳಲಿಲ್ಲ? ಒಂಬತ್ತು ವರ್ಷ!"

"ಹೇಳಿದ್ರೆ ಆ ಮಗೂನ ಅಗೆಸಿ ಆಚೆಗೆ ಹಾಕಿಸ್ತಿದ್ರಿ ನೀವು."

ಇಲ್ಲ ಅನ್ನೋಣ ಅಂತ ಬಾಯಿ ತೆಗೆದಳು. ಆದರೆ ನಿಜ ಅದು. ಅಗೆಸಿಬಿಡುತ್ತಿದ್ದಳು.

ಅವತ್ತಿನದೆಲ್ಲ ನೆನಪಿಗೆ ಬಂತು. ಮರೆತಿದ್ದಳು ಅಂತಲ್ಲ, ಆ ಕಡೆ ತಲೆ ಹಾಕದೆ ಬದುಕಿದ್ದಳು ಅಷ್ಟೆ. ಊರಲ್ಲಿ ಸಿಡುಬಿನ ಅಮ್ಮ ಬಿದ್ದಿತ್ತು. ಮುನಿತಾಯಮ್ಮನ ಮೂರು ವರ್ಷದ ಮಗು ಮೈತುಂಬ ಗುಳ್ಳೆ ಎದ್ದು ಸತ್ತಿತ್ತು. ಅಮ್ಮ ಬಂದು ಸತ್ತ ಕೂಸನ್ನು ನೀರು ದಾಟಿಸಿಯೇ ಹೂಳಬೇಕು, ಇಲ್ಲದಿದ್ದರೆ ಅಮ್ಮ ಊರಿಗೆ ವಾಪಸು ಬರ್ತಾಳೆ ಅಂತ ಊರಿನವರು ಪಟ್ಟು ಹಿಡಿದರು. ನೀರು ದಾಟಿದರೆ ಇರೋದು ಇವಳ ತಿಟ್ಟು ಒಂದೇ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಮುನಿತಾಯಮ್ಮ ಬಾಗಿಲಿಗೆ ಬಂದಳು. ಅಳಲಿಲ್ಲ. "ಹರಿಗೋಲು ಕೊಡಿ, ಒಂದು ಮೂಲೇಲಿ ಹೂತು ಬರ್ತೀನಿ," ಅಂದಳು. ನೀಲಗಂಗಮ್ಮ ಶಿವಗಂಗೆಗೆ ಗಂಟು ಕಟ್ಟುತ್ತಿದ್ದಳು. "ಅದು ನಮ್ಮೋರ ಗದ್ದುಗೆ ಜಾಗ. ಕಂಡೋರ ಹೆಣ ಅಲ್ಲಿ ಬೇಡ," ಅಂದು ಬಾಗಿಲು ಹಾಕಿಕೊಂಡಳು. ತನ್ನ ಗಂಡನ ಹೆಣ ಬಿಟ್ಟುಕೊಂಡು ಬಾಗಿಲು ಬಾಗಿಲಿಗೆ ಕೂಗಿದ್ದವಳು, ಅದನ್ನೇ ಮಾಡಿದಳು. ನೋಡಿ, ನನಗೆ ಇವತ್ತಿಗೂ ಆ ಮಾತು ನೆನೆದರೆ ಕೋಪ ಬರುತ್ತೆ.

ಶನಿವಾರ ಮುನಿತಾಯಮ್ಮನ ಮನೆಗೆ ಹೋದಳು. ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಗಂಡ ತೀರಿಕೊಂಡು ನಾಲ್ಕು ವರ್ಷ, ಒಬ್ಬಂಟಿ. ನೀಲಗಂಗಮ್ಮನನ್ನು ಕಂಡು ಮೊರ ನಿಲ್ಲಿಸಲಿಲ್ಲ.

"ನನಗೆ ಗೊತ್ತಾಯ್ತು ಕಣೇ," ಅಂದಳು ನೀಲಗಂಗಮ್ಮ. "ನೀನು ಅಲ್ಲಿಗೆ ಹೋಗಿದ್ದು."

"ಹೂಂ. ಬೈಯೋಕೆ ಬಂದ್ರಾ?"

"ಬೇಡಿಕೊಳ್ಳೋಕೆ ಬಂದೆ." ನೀಲಗಂಗಮ್ಮ ಅಂಗಳದ ಅಂಚಿಗೆ ಕೂತಳು. "ಸಾಕ್ಷಿ ಹೇಳು. ನೀನು ಹೇಳದಿದ್ರೆ ಲಾರಿಗೆ ತುಂಬಿಬಿಡ್ತಾರೆ."

ಮುನಿತಾಯಮ್ಮ ಮೊರ ಕೆಳಗಿಟ್ಟಳು. "ಅವತ್ತು ನೀವು ಬಾಗಿಲು ಹಾಕಿದ ಮೇಲೆ ಎಷ್ಟು ಹೊತ್ತು ನಿಂತಿದ್ದೆ ಗೊತ್ತಾ? ತೆಗೀತೀರಿ ಅಂದ್ಕೊಂಡೆ. ನಿಮ್ಮ ಕಷ್ಟ ಊರಿಗೆಲ್ಲ ಗೊತ್ತಿತ್ತು. ಬೇರೆ ಯಾರು ತೆಗೀದಿದ್ರೂ ಈಯಮ್ಮ ತೆಗೀತಾರೆ ಅಂದ್ಕೊಂಡೆ."

ನೀಲಗಂಗಮ್ಮ ನೆಲಕ್ಕೆ ಚೆಲ್ಲಿದ್ದ ರಾಗಿ ಕಾಳನ್ನು ಬೆರಳಲ್ಲಿ ಒಟ್ಟುಮಾಡತೊಡಗಿದಳು.

"ಬರ್ತೀನಿ," ಅಂದಳು ಮುನಿತಾಯಮ್ಮ. "ನಿಮಗೋಸ್ಕರ ಅಲ್ಲ. ಆ ಮಣ್ಣಿನ ಜೊತೆ ನನ್ನ ಮಗೂನೂ ತುಂಬ್ತಾರೆ, ಅದಕ್ಕೆ. ಆದ್ರೆ ಏನು ನಡೀತೋ ಅದನ್ನೇ ಹೇಳೋದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ."

ಸೋಮವಾರ ಬೆಳಗ್ಗೆ ಒಣಗಿದ ಕೆರೆಯಂಗಳದಲ್ಲಿ ಊರೇ ನೆರೆದಿತ್ತು. ಇಪ್ಪತ್ತು ವರ್ಷ ಕಣ್ಣಿಗೆ ಮಾತ್ರ ಕಂಡ ಜಾಗ, ನೋಡದೆ ಬಿಟ್ಟಾರೆಯೇ? ಮಕ್ಕಳಾಗಲೇ ಗುಡ್ಡೆ ಹತ್ತಿ ಇಳಿದು ಗಲಾಟೆ ಎಬ್ಬಿಸಿದ್ದವು. ಸೇತುರಾಮ ಅವರನ್ನು ಗದರಿ ಇಳಿಸಿ, ಗುಡ್ಡೆ ಬುಡದಲ್ಲಿ ಮಡಚುವ ಮೇಜು ಹಾಕಿಸಿ, ಬೈರಪ್ಪನನ್ನೂ ಸೇರಿಸಿ ಐದು ಜನ ಪಂಚರನ್ನು ಪಕ್ಕಕ್ಕೆ ಕೂರಿಸಿಕೊಂಡ. ಲಾರಿಗಳು ಏರಿ ಹತ್ತಿರವೇ ನಿಂತಿದ್ದವು.

ಮುನಿತಾಯಮ್ಮ ಮುಂದೆ ಬಂದಳು. ಒಂಬತ್ತು ವರ್ಷದ ಹಿಂದೆ ಎರಡು ಗದ್ದುಗೆ ಕಂಡಿದ್ದು, ಆಗಲೇ ಅವು ಹಳೇವಾಗಿದ್ದವು, ಮೇಲೆ ವಿಭೂತಿ ಇತ್ತು ಅಂತ ಹೇಳಿದಳು. ಪಡುವಲ ಬದಿಯಲ್ಲಿ ತನ್ನ ಮಗುವನ್ನು ಹೂತು, ನರಿ ಕೆದಕದ ಹಾಗೆ ಮೇಲೆ ಲೋಳೆಸರ ನೆಟ್ಟೆ ಅಂದಳು. ಗುಂಪು ಗುಜುಗುಜು ಅಂತು. ಮಂಡಿ ನೋವಿಗೆ ಅಂತ ನೀಲಗಂಗಮ್ಮ ಎಷ್ಟು ಸಲ ಆ ಲೋಳೆಸರವನ್ನೇ ಮುರಿದು ಹಚ್ಚಿಕೊಂಡಿದ್ದಳೋ.

"ಇವರ ಅಪ್ಪಣೆ ತಗೊಂಡು ಹೂತ್ರಾ, ತಗೊಳ್ಳದೆ ಹೂತ್ರಾ?" ಸೇತುರಾಮ ಕೇಳಿದ.

ಮುನಿತಾಯಮ್ಮ ಬಾಯಿ ತೆಗೆಯುವ ಮೊದಲೇ ನೀಲಗಂಗಮ್ಮ ಎದ್ದಳು. ಕದ್ದು ಹೋದವಳು ಅಂದರೆ ಇವಳ ಮಾತನ್ನು ಲೆಕ್ಕಕ್ಕೆ ಇಡುತ್ತಾರೋ ಇಲ್ಲವೋ ಅನ್ನುವ ಭಯ ಒಂದು. ಊರೆಲ್ಲ ಕಿವಿ ನಿಮಿರಿಸಿ ನಿಂತಿದೆ ಅನ್ನುವ ನಾಚಿಕೆ ಇನ್ನೊಂದು. "ನಾನೇ ಅಪ್ಪಣೆ ಕೊಟ್ಟೆ ಸ್ವಾಮಿ. ಹೆತ್ತ ಹೊಟ್ಟೆ ಅಲ್ವಾ? ಹರಿಗೋಲೂ ನಾನೇ ಕೊಟ್ಟೆ."

"ಸುಳ್ಳು," ಅಂದಳು ಮುನಿತಾಯಮ್ಮ.

ಗಟ್ಟಿಯಾಗಿ ಕೂಡ ಅನ್ನಲಿಲ್ಲ. ಆದರೂ ಹಿಂದೆ ನಿಂತವರಿಗೂ ಕೇಳಿಸಿತು.

"ಕೈ ಮುಗಿದೆ, ಕೊಡಲಿಲ್ಲ. ಕಂಡೋರ ಹೆಣ ಬೇಡ ಅಂದ್ರು. ಅದನ್ನ ಬರ್ಕೊಳ್ಳಿ ಸ್ವಾಮಿ. ಆವತ್ತು ಕೊಡದೆ ಇರೋ ಕರುಣೇನ ಇವತ್ತು ಕೊಟ್ಟೆ ಅಂತ ಬರೆಸಿಕೊಳ್ಳೋಕೆ ನಾನು ಬಿಡೋಲ್ಲ."

ಸೇತುರಾಮ ಲೇಖನಿ ಕೆಳಗಿಟ್ಟ. "ಒಬ್ಬರು ಕೊಟ್ಟೆ ಅಂತೀರಿ, ಒಬ್ಬರು ಕೊಡಲಿಲ್ಲ ಅಂತೀರಿ. ಸಾಕ್ಷಿಗೂ ಹಕ್ಕುದಾರರಿಗೂ ತಾಳೆಯಾಗದೆ ಇದ್ರೆ ಮಹಜರು ಮುರಿದುಹೋಗುತ್ತೆ. ಲಾರಿಯವರನ್ನ ಇನ್ನು ನಾನು ತಡೆಯೋಕಾಗೋಲ್ಲ. ಯೋಚನೆ ಮಾಡಿ ಹೇಳಿ ಅಮ್ಮ."

ನೀಲಗಂಗಮ್ಮ ಗುಂಪಿನ ಕಡೆ ನೋಡಿದಳು. ಪ್ಲೇಗಿನ ದಿನ ಬಾಗಿಲು ತೆರೆಯದ ಮುಖಗಳೇ ಎಲ್ಲ. ಇವರನ್ನು ಇಪ್ಪತ್ತು ವರ್ಷ ಪಾಪಿಗಳು ಅಂದುಕೊಂಡು, ತಾನೊಬ್ಬಳೇ ನೊಂದವಳು ಅಂದುಕೊಂಡು ಬದುಕಿದ್ದಳು. ಇವರ ಮುಂದೆಯೇ ಈಗ ಅದನ್ನು ಹೇಳಬೇಕು. ಮೇಜು ಹಿಡಿದುಕೊಂಡಳು.

"ಹೌದು ಸ್ವಾಮಿ. ಅವಳು ಹೇಳಿದ್ದೇ ನಿಜ. ಮಗೂನ ಎತ್ಕೊಂಡು ಬಾಗಿಲಿಗೆ ಬಂದ್ಲು. ನಾನು ಬೇಡ ಅಂದೆ. ಬಾಗಿಲು ಹಾಕ್ಕೊಂಡೆ. ಅವಳು ಎಷ್ಟೋ ಹೊತ್ತು ಹೊರಗೆ ನಿಂತಿದ್ದು ನನಗೆ ಗೊತ್ತಿತ್ತು. ಸಂದಿಯಿಂದ ನೋಡ್ತಾನೇ ಇದ್ದೆ."

ಸೇತುರಾಮ ಲೇಖನಿ ಎತ್ತಿಕೊಂಡ. ಬೇಡ ಅನ್ನುವ ಹಕ್ಕು ಇದ್ದವರು ಇವರು ಅಂದಮೇಲೆ ಜಾಗ ಇವರ ಸ್ವಾಧೀನದಲ್ಲೇ ಇತ್ತು, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಅಂತ ಪಂಚರಿಗೆ ಹೇಳಿದ. ಬೈರಪ್ಪ ತಲೆ ಆಡಿಸಿದ.

ಟೇಪು ಹಿಡಿದು ಮೇಲೆ ಹೋಗಿ ಅಳೆದು ಬಂದರು. ಸೇತುರಾಮ ಬರೆದದ್ದನ್ನು ಓದಿದ: "ಸಮಾಧಿಗಳು ಮೂರು. ಮರುಳಪ್ಪ. ಮರುಳಪ್ಪನ ಮಗ ಗುರುಬಸವ. ಮೂರನೆಯದು..." ಮುನಿತಾಯಮ್ಮನ ಕಡೆ ನೋಡಿದ.

"ಚಿಕ್ಕತಾಯಿ," ಅಂದಳು ಅವಳು.

ಆ ಮಗುವಿಗೆ ಹೆಸರಿತ್ತು ಅನ್ನೋದು ನೀಲಗಂಗಮ್ಮನಿಗೆ ಆಗ ಗೊತ್ತಾದದ್ದು.

"ಈ ಮೂರು ಸಮಾಧಿಯ ಜಾಗವನ್ನು ಬೇಲಿ ಹಾಕಿ ಉಳಿಸತಕ್ಕದ್ದು. ಬಡಾವಣೆಯ ಒಳಗಾದ್ದರಿಂದ ಇನ್ನು ಮುಂದೆ ಇಲ್ಲಿ ಹೊಸದಾಗಿ ಯಾರನ್ನೂ ಹೂಳಕೂಡದು."

"ಯಾರನ್ನೂ ಅಂದ್ರೆ?" ನೀಲಗಂಗಮ್ಮ ಕೇಳಿದಳು.

ಸೇತುರಾಮನಿಗೆ ಅರ್ಥವಾಯಿತು. ತಲೆ ತಗ್ಗಿಸಿದ. "ಯಾರನ್ನೂ ಅಮ್ಮ. ನಿಮ್ಮನ್ನೂ."

"ಅವರಿಬ್ಬರ ಮಧ್ಯೆ ಜಾಗ ಇದೆ ಸ್ವಾಮಿ. ಬಿಟ್ಟಿದೀನಿ. ಒಬ್ಬರು ಕೂರೋ ಅಷ್ಟು."

"ಇದ್ದದ್ದನ್ನ ಉಳಿಸೋಕೆ ಮಾತ್ರ ನನಗೆ ಅಧಿಕಾರ. ಒಪ್ಪಿಗೆ ಇಲ್ಲ ಅಂದ್ರೆ ಮೇಲಿನವರಿಗೆ ಬರೀಬಹುದು. ಉತ್ತರ ಬರೋವರೆಗೆ ಕೆಲಸ ನಿಲ್ಲೋಲ್ಲ."

ಲಾರಿಗಳು ಅಲ್ಲೇ ಇದ್ದವು. ನೀಲಗಂಗಮ್ಮ ಹೆಬ್ಬೆಟ್ಟು ಒತ್ತಿದಳು. ಒತ್ತಿ ಎರಡು ಹೆಜ್ಜೆ ಬಂದು, ಬಿರುಕು ಬಿಟ್ಟ ನೆಲದ ಮೇಲೆ ಕೂತು, ಬಾಯಿ ಬಿಟ್ಟು ಅತ್ತಳು. ಗಂಡ ಮಗನನ್ನು ಹೂತ ದಿನ ಕೂಡ ಊರಿನವರ ಮುಂದೆ ಅಳದವಳು. ಗಂಡನ ಪಕ್ಕ, ಮಗನ ಪಕ್ಕ ಕೂರೋಕೆ ತನಗಿಲ್ಲ ಅನ್ನೋದು ಈಗ ಪೂರ್ತಿ ತಿಳಿಯಿತು. ಇನ್ನು ಬೇಲಿ ಆಚೆಯಿಂದ ನೋಡುವವಳು ಅಷ್ಟೆ. ಜನ ಒಬ್ಬೊಬ್ಬರಾಗಿ ಕರಗಿದರು.

ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ಮುನಿತಾಯಮ್ಮ ಗುಡ್ಡೆ ಹತ್ತುತ್ತಿದ್ದಳು. ಒಂಬತ್ತು ವರ್ಷದ ಮೇಲೆ ಮೊದಲನೇ ಸಲ, ಹಗಲು ಬೆಳಕಲ್ಲಿ, ಯಾರನ್ನೂ ಕೇಳದೆ. ಪಡುವಲ ಬದಿಗೆ ತಿರುಗಿದಳು. ಸೋಮವಾರ, ನೀಲಗಂಗಮ್ಮನ ಮಡಿಲಲ್ಲಿ ವಿಭೂತಿ ಇತ್ತು. ಎದ್ದು ಬುಡದವರೆಗೂ ಹೋದಳು. ಅಲ್ಲೇ ನಿಂತಳು.

"ಮುನಿತಾಯಮ್ಮಾ," ಕೂಗಿದಳು. "ನಾನೂ ಮೇಲೆ ಬರಲೇನೇ?"

ಮುನಿತಾಯಮ್ಮ ತಿರುಗಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ದಯೆಯೂ ಇರಲಿಲ್ಲ.

"ಸ್ವಲ್ಪ ತಡೀರಿ," ಅಂದಳು. "ಅವಳ ಹತ್ರ ಒಂದು ಗಳಿಗೆ ನಾನೊಬ್ಬಳೇ ಇರಬೇಕು."

ನೀಲಗಂಗಮ್ಮ ಕೆಳಗೇ ನಿಂತು ಕಾದಳು.